71 ವರ್ಷದ ಅಪ್ಪ, ಕಿಕ್ಕರ್ ಬೈಕು ಮತ್ತು ಎರಡು ಚೈನ್‌ಸಾ

ಪ್ರಶ್ನೆ:

ಅಪ್ಪನಿಗೆ 71 ವರ್ಷ. ಶೆಡ್‌ನಲ್ಲಿ ಒಂದು ಹಳೆಯ ಕಿಕ್ಕರ್ ಬೈಕು, ಮರ ಕೊಯ್ಯುವ ಎರಡು ಚೈನ್‌ಸಾ, ಬಿಚ್ಚಿಟ್ಟ ಎಂಜಿನ್ನುಗಳು ಇವೆ. ಬೆಳಗ್ಗೆ ಒಳಗೆ ಹೋದರೆ ಮಧ್ಯಾಹ್ನವೇ ಹೊರಗೆ ಬರುವುದು. ಹೋದ ತಿಂಗಳು ಕಿಕ್ಕರ್ ವಾಪಸ್ ಹೊಡೆದು ಮೊಣಕಾಲು ಊದಿಕೊಂಡಿತು. ಎಲ್ಲ ಮಾರಿಬಿಡಿ ಅಂತ ಅಮ್ಮ ಹಠ ಹಿಡಿದಿದ್ದಾರೆ. ನನಗೆ ಹೆದರಿಕೆ ಇದೆ, ಆದರೆ ಮಾರುವ ಮನಸ್ಸಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ಮೊದಲ ಅನುಭವ:

ನನಗೆ 68. ಇದೇ ಹುಚ್ಚು ನನಗೂ 40 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದೆ. ದಯವಿಟ್ಟು ಮಾರಬೇಡಿ. ಸತ್ತಂತಿದ್ದ ಕಾರ್ಬೊರೇಟರ್ ತೊಳೆದು, ಅದರ ಸಣ್ಣ ತೂತಿನ ಜೆಟ್ ಊದಿ, ಮತ್ತೆ ಜೋಡಿಸಿ, ಎಂಜಿನ್ ಮೊದಲ ಸಲ ಕೆಮ್ಮಿ ಹತ್ತಿಕೊಂಡಾಗ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಕಿಕ್ಕರ್ ವಾಪಸ್ ಹೊಡೆದದ್ದಕ್ಕೆ ವಯಸ್ಸನ್ನೇ ದೂರಬೇಡಿ. ಬೈಕನ್ನು ಮೊದಲು ನೋಡಿ. ಟೈಮಿಂಗ್, ಅಂದರೆ ಕಿಡಿ ಹತ್ತುವ ಸಮಯ, ತುಂಬಾ ಮುಂದಿದ್ದರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಪೆಟ್ರೋಲ್ ಉರಿದು ಎಂಜಿನ್ ಹಿಂದಕ್ಕೆ ತಿರುಗುತ್ತದೆ. ಆ ಪೆಟ್ಟು ನೇರ ಕಾಲಿಗೆ. ನನ್ನ ಬೈಕಿನಲ್ಲಿ ಪಾಯಿಂಟ್ ಗ್ಯಾಪ್ (ಕಿಡಿ ಹೊತ್ತಿಸುವ ಸ್ವಿಚ್ಚಿನ ಎರಡು ತುದಿಗಳ ನಡುವಿನ ಸಂದು) ಜಾಸ್ತಿಯಾಗಿತ್ತು. ಗ್ಯಾಪ್ ಹೆಚ್ಚಿದರೆ ಟೈಮಿಂಗ್ ಮುಂದೆ ಹೋಗುತ್ತದೆ. ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ಇಟ್ಟು 0.4 ಮಿ.ಮೀ.ಗೆ ತಂದ ಮೇಲೆ ನಿಂತಿತು. ನಿಮ್ಮ ಬೈಕಿನ ಅಳತೆಯನ್ನು ಅದರ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ. ಕಿಕ್ ಮಾಡುವಾಗ ಲಿವರ್ ಮೆಲ್ಲಗೆ ಒತ್ತುತ್ತಾ ಹೋದರೆ ಬಿಗಿಯಾಗುವ ಜಾಗ ಸಿಗುತ್ತದೆ. ಅದನ್ನು ಸ್ವಲ್ಪ ದಾಟಿಸಿ, ಲಿವರನ್ನು ಮೇಲಕ್ಕೆ ಬಿಟ್ಟು, ಆಮೇಲೆ ಪೂರ್ತಿ ಒಂದೇ ಸಲ ತುಳಿಯಬೇಕು. ಅರೆಮನಸ್ಸಿನಿಂದ ಅರ್ಧ ತುಳಿದಾಗಲೇ ಹೊಡೆತ ಬೀಳುವುದು. ಗಟ್ಟಿ ಶೂ ಇರಲಿ, ಚಪ್ಪಲಿ ಬೇಡವೇ ಬೇಡ.

ಚೈನ್‌ಸಾ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ನಿಂತ ಮರ ಕಡಿಯುವುದನ್ನು 62ಕ್ಕೇ ಬಿಟ್ಟೆ. ಮರ ವಾಲಿದ ಕ್ಷಣ ಚಕ್ಕನೆ ಹಿಂದೆ ಸರಿಯಬೇಕು, ನನ್ನ ಕಾಲಿಗೆ ಅದು ಈಗ ಆಗುವುದಿಲ್ಲ. ಬಿದ್ದ ಕೊಂಬೆಗಳನ್ನು ಸ್ಟ್ಯಾಂಡ್ ಮೇಲಿಟ್ಟು ತುಂಡು ಮಾಡುತ್ತೇನೆ, ಸೊಂಟಕ್ಕಿಂತ ಮೇಲೆ ಮೆಷಿನ್ ಎತ್ತುವುದಿಲ್ಲ. ಸ್ಟಾರ್ಟ್ ಮಾಡುವಾಗ ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಶೂ ತುದಿ ಇಟ್ಟು ಒತ್ತಿ ಹಗ್ಗ ಎಳೆಯುತ್ತೇನೆ. ಕೈಯಲ್ಲಿ ತೂಗಾಡಿಸಿ ಎಳೆಯುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಚೈನ್ ಸುತ್ತುವ ಉದ್ದ ಪಟ್ಟಿಯ, ಅಂದರೆ ಬಾರ್‌ನ, ತುದಿಯ ಮೇಲುಭಾಗ ಕಟ್ಟಿಗೆಗೆ ತಾಗಿದರೆ ಮೆಷಿನ್ ಮುಖದ ಕಡೆಗೇ ಚಿಮ್ಮುತ್ತದೆ. ಅದಕ್ಕೇ ಎಡಗೈ ಹೆಬ್ಬೆರಳು ಯಾವಾಗಲೂ ಮುಂದಿನ ಹಿಡಿಯನ್ನು ಸುತ್ತಿಕೊಂಡಿರಬೇಕು.

ಇನ್ನು ಹರಿತ. ಚೈನ್ ಮೊಂಡಾದರೆ ಒತ್ತಬೇಕಾಗುತ್ತದೆ, ಒತ್ತಿ ಒತ್ತಿ ತೋಳು ಸೋಲುತ್ತದೆ. ನಮ್ಮ ವಯಸ್ಸಿನಲ್ಲಿ ಅವಘಡ ಆಗುವುದು ತೋಳು ಸೋತಾಗಲೇ. ಚಕ್ಕೆ ಹಾರುತ್ತಿದ್ದರೆ ಹರಿತ ಸರಿಯಿದೆ. ಹಿಟ್ಟಿನಂಥ ಪುಡಿ ಬಂದರೆ ಆಫ್ ಮಾಡಿ ದುಂಡು ಅರ ತೆಗೆದುಕೊಳ್ಳಿ. ಅರದ ದಪ್ಪ ಚೈನಿಗೆ ತಕ್ಕಂತೆ ಇರಬೇಕು: 4, 4.8 ಮಿ.ಮೀ. ಹೀಗೆ. ನಾನು ಮೊದಲ ಹಲ್ಲಿಗೆ ಬಣ್ಣದ ಗುರುತು ಹಾಕುತ್ತೇನೆ. ಮುಂದಕ್ಕೆ ಮಾತ್ರ ಉಜ್ಜುತ್ತೇನೆ, ಪ್ರತಿ ಹಲ್ಲಿಗೂ ಎಣಿಸಿ ಮೂರು ಸಲ. ಎರಡೂ ಕಡೆಯ ಹಲ್ಲುಗಳ ಉದ್ದ ಒಂದೇ ಇರದಿದ್ದರೆ ಕೊಯ್ತ ವಾಲುತ್ತದೆ. ಈ ಕೆಲಸ ಕೂತು ಮಾಡುವಂಥದ್ದು, ಸದ್ದಿಲ್ಲ, ಮನಸ್ಸಿಗೆ ತುಂಬಾ ಹಿತ. ನಿಮ್ಮ ಅಪ್ಪನಿಗೂ ಇಷ್ಟವಾಗುತ್ತದೆ ನೋಡಿ.

ಒಂದು ಎಚ್ಚರಿಕೆ. ಚಳಿಯಲ್ಲಿ ಬೆರಳ ತುದಿ ಬೆಳ್ಳಗಾಗಿ ಜುಮ್ಮೆನ್ನುತ್ತದಾ ಅಂತ ಅವರನ್ನು ಕೇಳಿ. ವರ್ಷಗಟ್ಟಲೆ ಮೆಷಿನ್ ನಡುಕದಿಂದ ಹಾಗಾಗುತ್ತದೆ. ಹೌದು ಅಂದರೆ ಮೆಷಿನ್ ಕೆಳಗಿಟ್ಟು ಡಾಕ್ಟರಿಗೆ ತೋರಿಸಿ.

ಎರಡನೆಯ ಅನುಭವ:

ನಮ್ಮ ಅಪ್ಪನಿಗೆ 74. ಬೇಡ ಅಂದಷ್ಟೂ ಕದ್ದು ಮಾಡುತ್ತಿದ್ದರು, ಆಗ ನನಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಬೇಡ ಅನ್ನುವುದನ್ನು ನಿಲ್ಲಿಸಿ ಶೆಡ್ ಸರಿ ಮಾಡಿಸಿದೆ. ಒಳ್ಳೆಯ ಬೆಳಕು, ದೀಪ ಇರುವ ಭೂತಗನ್ನಡಿ, ಗಾಲಿ ಇರುವ ಸ್ಟೂಲು, ಸ್ಕ್ರೂ ಕಳೆಯದಂತೆ ಅಯಸ್ಕಾಂತದ ತಟ್ಟೆ. ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬಾರದು, ಆ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ವಾಸನೆ ಎರಡೂ ಇಲ್ಲ. ಇಬ್ಬರೂ ಕೂತು ಒಂದೇ ಒಂದು ನಿಯಮ ಮಾಡಿಕೊಂಡೆವು: ನಾನು ಮನೆಯಲ್ಲಿದ್ದಾಗ ಮಾತ್ರ ಚೈನ್‌ಸಾ. ಅಪ್ಪ ಅದನ್ನು ಒಂದು ಸಲವೂ ಮುರಿದಿಲ್ಲ. ಆಮೇಲೆ ಬ್ಯಾಟರಿ ಚೈನ್‌ಸಾ ಕೊಡಿಸಿದೆ, ಹಗ್ಗ ಎಳೆಯುವ ಕೆಲಸ ತಪ್ಪಿತು, ಅವರ ಭುಜಕ್ಕೆ ಆರಾಮ. ಆದರೆ ಕೊಯ್ಯುವುದು ಅದೇ ಚೈನು. ಹಾಗಾಗಿ ಕಾಲಿನ ಗಾರ್ಡು, ಹೆಲ್ಮೆಟ್ಟು ಎಲ್ಲ ಮೊದಲಿನಂತೆಯೇ ಹಾಕಿಸುತ್ತೇನೆ.

ಮೂರನೆಯ ಅನುಭವ:

ರಿಪೇರಿ ಕೆಲಸ ಮಾಡುವವನು ನಾನು. ನನ್ನ ಹತ್ತಿರ ಬರುವ ಚೈನ್‌ಸಾಗಳಲ್ಲಿ ಬಹಳಷ್ಟು ಹಾಳಾಗಿರುವುದು ಹಳೆಯ ಪೆಟ್ರೋಲಿನಿಂದ. ಮೆಷಿನ್ ಮೇಲೆ 50:1 (50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ) ಅಂತ ಬರೆದಿದ್ದರೆ ಲೀಟರಿಗೆ 20 ಮಿ.ಲೀ. ಎಣ್ಣೆ, ಅಳತೆ ಗ್ಲಾಸಿನಲ್ಲೇ ಹಾಕಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಇಲ್ಲದಿದ್ದರೆ ಕಾರ್ಬೊರೇಟರಿನ ಡಯಾಫ್ರಮ್ ಎಂಬ ತೆಳು ಪೊರೆ ಗಟ್ಟಿಯಾಗಿ, ಹಗ್ಗ ಎಳೆದೂ ಎಳೆದೂ ಹಿರಿಯರು ಸುಸ್ತಾಗುತ್ತಾರೆ.

ಕೇಳಿದವರಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬೆರಳಿಗೆ ಏನೂ ಆಗಿಲ್ಲವಂತೆ. ಕೂಡಲೇ ಪಾಯಿಂಟ್ ಕವರ್ ಬಿಚ್ಚಿದರು, ನಾನು ಟಾರ್ಚ್ ಹಿಡಿದೆ. ಗ್ಯಾಪ್ 0.6 ಇತ್ತು. ವೇಗ ಕಡಿಮೆಯಿದ್ದಾಗ ಟೈಮಿಂಗ್ ಮುಂದೆ ಹೋಗದಂತೆ ಹಿಡಿಯುವ ಅಡ್ವಾನ್ಸ್ ಸ್ಪ್ರಿಂಗ್ ಕೂಡ ಒಂದು ಸಡಿಲವಾಗಿದೆ ಅಂದರು. ಭಾನುವಾರ ಇಬ್ಬರೂ ಸೇರಿ ಅದನ್ನು ಬದಲಾಯಿಸುತ್ತೇವೆ. ಅಲ್ಲಿಯವರೆಗೆ ಕಿಕ್ಕರ್ ಮುಟ್ಟುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದಾರೆ.