ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ತಿಂಗಳಾದ ಮೇಲೆ ದುಡ್ಡು ಕಟ್ಟಿ ಅಂತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮೂರಿನ ಚರಂಡಿ ಕಾಮಗಾರಿಯ ಬಿಲ್ಲು, ಎಂಬಿ ಪುಸ್ತಕದ (ಕೆಲಸದ ಅಳತೆ ಬರೆದಿಡುವ ಪುಸ್ತಕ) ನಕಲು ಕೇಳಿ ಜೂನ್ 3ಕ್ಕೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟೆ. ಸ್ವೀಕೃತಿ ಇದೆ. ಹೋದಾಗಲೆಲ್ಲ "ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ" ಅಂದ್ರು. ಜುಲೈ 16ಕ್ಕೆ ಮನೆಗೆ ಪತ್ರ ಬಂತು. 214 ಪುಟ ಇದೆ, ಪುಟಕ್ಕೆ 2 ರೂಪಾಯಿಯಂತೆ 428 ರೂಪಾಯಿ ಕಟ್ಟಿ ಅಂತ. ಪತ್ರದಲ್ಲಿ ಮಾತ್ರ ಜುಲೈ 1ನೇ ತಾರೀಖು ಹಾಕಿದ್ದಾರೆ. ಕಟ್ಟಬೇಕಾ ಸರ್?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಹೇಳಿ, ಪತ್ರ ಬಂದ ಕವರು ಇದೆ ಅಲ್ವಾ? ಅದರ ಮೇಲಿನ ಅಂಚೆ ಮುದ್ರೆ ನೋಡಿ.

ಪ್ರಶ್ನೆ: ಇದೆ ಸರ್. ಜುಲೈ 14 ಅಂತಿದೆ.

ಉತ್ತರ: ಹಾಗಾದ್ರೆ ಆ ಕವರನ್ನು ಜೋಪಾನವಾಗಿಡಿ, ಫೋಟೋನೂ ತೆಗೆದಿಡಿ. ಅರ್ಜಿ ಸಿಕ್ಕ 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಗಡುವು ಜುಲೈ 3ಕ್ಕೆ ಮುಗಿದಿದೆ. ಗಡುವಿನೊಳಗೆ ಶುಲ್ಕದ ಪತ್ರ ರವಾನಿಸಿದರೆ, ಅಲ್ಲಿಂದ ನೀವು ದುಡ್ಡು ಕಟ್ಟುವವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ತಾರೀಖು ಬರೆಯುವುದರ ಲಾಭ ಇದೇ. ಆದರೆ ಕಾನೂನು ನೋಡುವುದು ಪತ್ರ ಹೊರಟ ದಿನವನ್ನು. ಜುಲೈ 14ಕ್ಕೆ ಹೊರಟಿದೆ ಅಂದಮೇಲೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(6)ರ ಪ್ರಕಾರ ಆ 214 ಪುಟವನ್ನೂ ಉಚಿತವಾಗಿ ಕೊಡಬೇಕು. ಇದನ್ನೇ ಬರೆದು ಪಿಡಿಒಗೆ ಉತ್ತರ ಕಳಿಸಿ.

ಅಷ್ಟಕ್ಕೇ ಸುಮ್ಮನಾಗಬೇಡಿ. ನನಗೆ ಸಂಕಟವಾಗೋದು ಇಲ್ಲೇ. ಜನ ಮರ್ಯಾದೆಗೆ ಕಾಯುತ್ತಾರೆ, ನೆನಪೋಲೆ ಬರೀತಾರೆ, ಅಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದುಹೋಗುತ್ತದೆ. ಗಡುವಿನೊಳಗೆ ಉತ್ತರ ಬರದಿದ್ದರೆ ಮಾಹಿತಿ ನಿರಾಕರಿಸಿದಂತೆಯೇ ಅಂತ ಕಲಂ 7(2) ಹೇಳುತ್ತದೆ. ಅಲ್ಲಿಂದ 30 ದಿನ, ಅಂದರೆ ಆಗಸ್ಟ್ 2ರೊಳಗೆ ಮೊದಲ ಮೇಲ್ಮನವಿ ಹಾಕಿ. ಗ್ರಾಮ ಪಂಚಾಯಿತಿಗಾದರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ. ಉದ್ದುದ್ದ ಬರೆಯಬೇಡಿ: "ಜೂನ್ 3ರ ಅರ್ಜಿಗೆ ಅವಧಿಯೊಳಗೆ ಮಾಹಿತಿ ಬಂದಿಲ್ಲ. ಶುಲ್ಕದ ಪತ್ರ ರವಾನೆಯಾದದ್ದು ಜುಲೈ 14ಕ್ಕೆ. ಕಲಂ 7(6)ರಂತೆ ಉಚಿತವಾಗಿ ಕೊಡಿಸಿ." ಅರ್ಜಿ, ಸ್ವೀಕೃತಿ, ಪತ್ರ, ಕವರಿನ ಜೆರಾಕ್ಸ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ.

ಇನ್ನೊಬ್ಬ ಮಹಿಳೆ: ಸರ್, ನನ್ನ ಮೊದಲ ಮೇಲ್ಮನವಿಗೂ ಎರಡು ತಿಂಗಳಿಂದ ಉತ್ತರವಿಲ್ಲ. ಮಾಹಿತಿ ಆಯೋಗಕ್ಕೆ ದೂರು ಕೊಡಲಾ?

ಉತ್ತರ: ನಿಮಗೆ ಕಾಗದ ಬೇಕೋ, ಅಧಿಕಾರಿಗೆ ದಂಡ ಬಿದ್ದರೆ ಸಾಕೋ, ಮೇಡಂ? ಕಲಂ 18ರ ದೂರಿನಲ್ಲಿ ಮಾಹಿತಿ ಕೊಡಿ ಅಂತ ಆಯೋಗ ಆದೇಶಿಸುವಂತಿಲ್ಲ. ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಹೇಳಿದೆ. ಕಾಗದ ಬೇಕಿದ್ದರೆ ಕಲಂ 19(3)ರಲ್ಲಿ ಎರಡನೇ ಮೇಲ್ಮನವಿಯನ್ನೇ ಹಾಕಿ. ಮೊದಲ ಮೇಲ್ಮನವಿ ತೀರ್ಮಾನಿಸಲು 30 ದಿನ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನ. ಅದಾದ ಮೇಲೆ ನಿಮಗೆ 90 ದಿನ ಇರುತ್ತದೆ. ಅದರಲ್ಲೇ ಕಲಂ 20ರ ದಂಡವನ್ನೂ ಕೇಳಿ: ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅದು ಆ ಅಧಿಕಾರಿಯ ಮೇಲೆಯೇ ಬೀಳುವ ದಂಡ. ಆಯೋಗದಲ್ಲಿ ವಿಚಾರಣೆಗೆ ದಿನಾಂಕ ಸಿಗೋದು ತಡ. ಅದಕ್ಕೇ ಹೇಳ್ತಿರೋದು, ಈ ವಾರವೇ ಹಾಕಿ.