ಹಾಸನದ ಹೃದಯಾಘಾತದ ಸುದ್ದಿ ನಮ್ಮ ಮಕ್ಕಳಿಗೆ ಏನು ಮಾಡಿತು? ಪತ್ರಿಕೋದ್ಯಮದ ಮೇಡಂ ಜೊತೆ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. 2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ, ಸುಮಾರು 40 ದಿನದಲ್ಲಿ, ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ರಾಜ್ಯವನ್ನೇ ನಡುಗಿಸಿತ್ತು. ಅದರ ಬಗ್ಗೆ ಇವತ್ತಿಗೂ ಗುಂಪಿನಲ್ಲಿ ಪ್ರಶ್ನೆ ಬರುತ್ತಲೇ ಇವೆ. ಉತ್ತರ ಕೊಡುತ್ತಿರುವವರು ಹಾಸನದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ಮೇಡಂ. ಮೊದಲು ಬೆಂಗಳೂರಿನ ಸುದ್ದಿವಾಹಿನಿಯೊಂದರಲ್ಲಿ ಸುದ್ದಿ ಆರಿಸಿ ತಿದ್ದುವ ಡೆಸ್ಕ್‌ನಲ್ಲಿದ್ದವರು. ಕಾಯಿಲೆಯ ಪ್ರಶ್ನೆಗಳನ್ನು ವೈದ್ಯರಿಗೇ ಕೇಳಿ, ಸುದ್ದಿಯ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಹಾಕಿ.

ಪ್ರಶ್ನೆ (ಹೊಳೆನರಸೀಪುರದ ಒಬ್ಬ ತಾಯಿ): ಮೇಡಂ, ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಮೊದಲು ದಿನಾ ಸಂಜೆ ವಾಲಿಬಾಲ್ ಆಡಲು ಹೋಗುತ್ತಿದ್ದ. ಆ ಸುದ್ದಿ ಬಂದಾಗಿನಿಂದ ಹೋಗುವುದು ಬಿಟ್ಟಿದ್ದಾನೆ. ಕೇಳಿದರೆ "ನಮ್ಮ ಜಿಲ್ಲೆಯ ನೀರಲ್ಲೋ ಗಾಳಿಯಲ್ಲೋ ಏನೋ ಇದೆ ಅಮ್ಮ" ಅಂತಾನೆ. ಮೈಸೂರಿನ ನೆಂಟರೂ "ನಿಮ್ಮೂರಲ್ಲಿ ಏನಾಗ್ತಿದೆ?" ಅಂತ ಕೇಳ್ತಾರೆ. ನಿಜವಾಗಿ ಏನಾದರೂ ಇತ್ತಾ, ಇಲ್ಲ ಟಿವಿಯವರು ಮಾಡಿದ್ದಾ?

ಉತ್ತರ: ಅಮ್ಮ, ಆ ಸಾವುಗಳು ಸುಳ್ಳಲ್ಲ. ಆದರೆ ಹಾಸನದಲ್ಲಿ ಮಾತ್ರ ಏನೋ ಆಗುತ್ತಿದೆ ಎಂಬ ಭಾವನೆ ಹುಟ್ಟಿದ್ದು ಅವುಗಳನ್ನು ಎಣಿಸಿದ ರೀತಿಯಿಂದ.

ಡೆಸ್ಕ್‌ನಲ್ಲಿ ಏನು ನಡೆಯುತ್ತದೆ ಹೇಳುತ್ತೇನೆ. ತಾಲ್ಲೂಕಿಗೊಬ್ಬ ವರದಿಗಾರ ಇರುತ್ತಾನೆ. ಬಹಳ ಜನಕ್ಕೆ ತಿಂಗಳ ಸಂಬಳ ಇರುವುದಿಲ್ಲ, ಸುದ್ದಿಗೆ ಇಷ್ಟು ಅಂತ ದುಡ್ಡು. ಮಾಮೂಲಿ ದಿನದಲ್ಲಿ "ಇಲ್ಲೊಬ್ಬರು ಎದೆನೋವು ಬಂದು ತೀರಿಕೊಂಡರು" ಅಂತ ಅವನು ಫೋನ್ ಮಾಡಿದರೆ ಡೆಸ್ಕ್‌ನವರು ತೆಗೆದುಕೊಳ್ಳುವುದಿಲ್ಲ. ಅಂಥ ಸಾವು ಎಲ್ಲ ಊರಲ್ಲೂ ಇದ್ದದ್ದೇ. ಒಂದೇ ವಾರದಲ್ಲಿ ಇಬ್ಬರು ಮೂವರು ಚಿಕ್ಕ ವಯಸ್ಸಿನವರು ಹೋದರೆ ಅದು "ಸರಣಿ ಸಾವು" ಆಗುತ್ತದೆ. ಅಲ್ಲಿಂದ ಮುಂದೆ ಬೆಂಗಳೂರಿನಿಂದಲೇ ಬೆಳಗ್ಗೆ ಫೋನ್ ಬರುತ್ತದೆ: "ಇವತ್ತು ಏನಾದ್ರೂ ಇದೆಯಾ?" ಆಗ ಮೊದಲು ಯಾರೂ ಕೇಳದೆ ಬಿಡುತ್ತಿದ್ದ ಸಾವೂ ಪಟ್ಟಿಗೆ ಸೇರುತ್ತದೆ. ವಯಸ್ಸಾದವರೂ ಸೇರುತ್ತಾರೆ. ಜಿಲ್ಲೆಯವರು ಬೇರೆ ಊರಲ್ಲಿ ತೀರಿಕೊಂಡರೂ ಸೇರುತ್ತಾರೆ. ವೈದ್ಯರು ಕಾರಣ ಹೇಳುವ ಮೊದಲೇ ಸೇರುತ್ತಾರೆ. ಪಟ್ಟಿ ಬೆಳೆಯುತ್ತದೆ, ಕಡಿಮೆಯಾಗುವ ದಾರಿಯೇ ಅದಕ್ಕೆ ಇಲ್ಲ.

ಆ ದಿನಗಳ ಪರದೆ ನೆನಪು ಮಾಡಿಕೊಳ್ಳಿ. ಕೆಳಗೆ ಕೆಂಪು ಪಟ್ಟಿ, ಅದರಲ್ಲಿ "ಮತ್ತೊಂದು ಬಲಿ". ಬಲಗಡೆ ದೊಡ್ಡದಾಗಿ ಒಂದು ಅಂಕಿ, ಹೊಸ ಸಾವು ಬಂದಾಗ ಸದ್ದು ಮಾಡಿಕೊಂಡು ತಿರುಗಿ ಮುಂದಿನ ಅಂಕಿಗೆ ಹೋಗುತ್ತದೆ. ನಡುವೆ ಸಿಸಿಟಿವಿ ತುಣುಕು. ಕುಳಿತವರೊಬ್ಬರು ಕುಸಿಯುತ್ತಾರೆ, ಅವರ ಸುತ್ತ ಕೆಂಪು ವೃತ್ತ. ಹತ್ತು ಸೆಕೆಂಡಿನ ಆ ತುಣುಕು ಒಂದು ಗಂಟೆಯ ಕಾರ್ಯಕ್ರಮದಲ್ಲಿ ಎಷ್ಟು ಸಲ ಬರುತ್ತದೆ ಅಂತ ನನ್ನ ವಿದ್ಯಾರ್ಥಿಗಳಿಗೆ ಎಣಿಸಲು ಹೇಳಿದ್ದೆ, ಅರ್ಧದಲ್ಲೇ ಸಾಕು ಮೇಡಂ ಅಂದರು. ಸತ್ತವರು ಒಬ್ಬರೇ. ನೋಡಿದವನ ಮನಸ್ಸಿನಲ್ಲಿ ಅವರು ಮತ್ತೆ ಮತ್ತೆ ಸಾಯುತ್ತಾರೆ.

ಆ ಅಂಕಿಯ ಪಕ್ಕ ಇರಲೇಬೇಕಾಗಿದ್ದ ಇನ್ನೊಂದು ಅಂಕಿ ಇರಲಿಲ್ಲ. ಅದನ್ನು ನಾವೇ ಹಾಕಿಕೊಳ್ಳೋಣ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ 76 ಸಾವಿರ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 6 ಜನ ಸಾಯುತ್ತಾರೆ. ಅಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲ ಕಾರಣ ಸೇರಿ ವರ್ಷಕ್ಕೆ 10 ಸಾವಿರದ ಮೇಲೆ, ದಿನಕ್ಕೆ ಸುಮಾರು 29. ದೇಶದಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಹೋಗುತ್ತಾರೆ. ಆ ಲೆಕ್ಕದಲ್ಲಿ ಯಾವುದೇ 40 ದಿನ ತೆಗೆದುಕೊಂಡರೂ ಇನ್ನೂರೈವತ್ತರ ಮೇಲೆಯೇ ಆಗುತ್ತದೆ. ಇದು ಒರಟು ಲೆಕ್ಕ. ಹೆಚ್ಚಿನವರು ವಯಸ್ಸಾದವರು, ಅದೂ ನಿಜ. ಆದರೂ 20 ಎಂಬ ಅಂಕಿಯನ್ನು ಇದರ ಪಕ್ಕ ಇಟ್ಟು ತೋರಿಸಿದ್ದರೆ ನಿಮ್ಮ ಮಗ ನೀರು ಗಾಳಿಯನ್ನು ಅನುಮಾನಿಸುತ್ತಿರಲಿಲ್ಲ.

ಸರ್ಕಾರ ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯಿಂದ ತನಿಖೆ ಮಾಡಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಸಾವಿಗೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಆಸ್ಪತ್ರೆಯ ದಾಖಲೆ ನೋಡಿದಾಗ ಜಿಲ್ಲೆಯಲ್ಲಿ ಪ್ರಕರಣ ಏಕಾಏಕಿ ಏರಿದ್ದು ಕಾಣಲಿಲ್ಲ. ಆ ವರದಿಯೂ ಸುದ್ದಿಯಾಯಿತು, ಆದರೆ ಒಂದೇ ದಿನ. ಭಯ ವಾರಗಟ್ಟಲೆ ಓಡಿತ್ತು.

ಈ ನಡುವೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತಲ್ವಾ? ಸುಮ್ನೆ ಒಂದು ಸಲ ತೋರಿಸಿಕೊಂಡು ಬರೋಣ ಅಂತ ಹೋದವರೇ ಜಾಸ್ತಿ. ಗಾಬರಿಯಾಗಬೇಡಿ ಅಂತ ಆಸ್ಪತ್ರೆಯವರೇ ಮನವಿ ಮಾಡಬೇಕಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಅಂಥ ಸಾಲಿನಲ್ಲಿ ನಿಜವಾಗಿ ಎದೆನೋವು ಬಂದವನೂ ಒಬ್ಬ ಇರುತ್ತಾನೆ. ಅವನಿಗೆ ತಡವಾಗುತ್ತದೆ. ನನಗೆ ತುಂಬಾ ಸಂಕಟ ಕೊಡುವುದು ಇದೇ.

ಮಗನಿಗೆ ಮೇಲಿನ ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಿ. ಪಿಯುಸಿ ಹುಡುಗ, ಎರಡು ನಿಮಿಷದ ಕೆಲಸ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರಿದ್ದರೆ ವೈದ್ಯರಿಗೆ ಒಮ್ಮೆ ತೋರಿಸಿ. ಅವರು ಆಡಬಹುದು ಅಂದಮೇಲೆ ಮೊದಲ ದಿನ ನೀವೇ ಮೈದಾನದವರೆಗೆ ಜೊತೆಗೆ ಹೋಗಿ.

ಪ್ರಶ್ನೆ (ಚನ್ನರಾಯಪಟ್ಟಣ, ಬಿಸಿಎ ವಿದ್ಯಾರ್ಥಿ): ಮೇಡಂ, ನಾನು ಟಿವಿ ನೋಡೋದೇ ಇಲ್ಲ. ಆದರೂ ಫೋನ್ ತೆಗೆದರೆ ಜಿಮ್‌ನಲ್ಲಿ ಬಿದ್ದವರು, ಮದುವೆಯಲ್ಲಿ ಕುಣಿಯುತ್ತಾ ಕುಸಿದವರು, ಇವೇ ವಿಡಿಯೋ. ರಾತ್ರಿ ಮಲಗಿದಾಗ ಎದೆ ಹಿಡಿದ ಹಾಗೆ ಆಗುತ್ತೆ. ಇಸಿಜಿ ಮಾಡಿಸಿದೆ, ನಾರ್ಮಲ್ ಅಂದರು. ಭಯ ಹೋಗಿಲ್ಲ.

ಉತ್ತರ: ಮೊದಲು ತೋರಿಸಿಕೊಂಡಿದ್ದು ಒಳ್ಳೆಯದಾಯಿತು. ಈಗ ಫೋನಿನ ವಿಷಯ.

ನೀವು ಇಷ್ಟಪಟ್ಟಿದ್ದನ್ನು ಮಾತ್ರ ಫೋನ್ ತೋರಿಸುತ್ತದೆ ಅಂದುಕೊಳ್ಳಬೇಡಿ. ನೀವು ಎಲ್ಲಿ ಬೆರಳು ನಿಲ್ಲಿಸಿದಿರಿ ಎಂಬುದನ್ನೂ ಅದು ನೋಡುತ್ತದೆ. ಮೊದಲ ಸಲ ಅಂಥ ವಿಡಿಯೋ ಬಂದಾಗ ಹೆದರಿ ಕೊನೆಯವರೆಗೆ ನೋಡಿರುತ್ತೀರಿ. ಕೆಳಗಿನ ಕಾಮೆಂಟ್ ಓದಿರುತ್ತೀರಿ. ಗೆಳೆಯನಿಗೆ ಕಳಿಸಿರುತ್ತೀರಿ. ಹೆದರಿ ನೋಡಿದ್ದೋ ಖುಷಿಯಿಂದ ನೋಡಿದ್ದೋ ಅದಕ್ಕೆ ಬೇಕಿಲ್ಲ. ನೋಡಿದ ಸಮಯ ಬೇಕು ಅಷ್ಟೇ. ಮರುದಿನ ಅದೇ ಥರದ್ದು ಇನ್ನೂ ನಾಲ್ಕು ಬರುತ್ತವೆ. ಅವು ನಮ್ಮ ಜಿಲ್ಲೆಯವಾಗಿರಬೇಕು ಅಂತಲೂ ಇಲ್ಲ. ಉತ್ತರ ಭಾರತದ್ದೋ ಬೇರೆ ದೇಶದ್ದೋ, ಯಾವ ವರ್ಷದ್ದೋ ಇರುತ್ತದೆ. ಮೇಲೆ "ಹಾಸನದಲ್ಲಿ ಮತ್ತೆ" ಅಂತ ಕನ್ನಡದಲ್ಲಿ ಬರೆದು ಹಾಕಿದರೆ ನಿಮ್ಮ ಪಕ್ಕದ ಬೀದಿಯದ್ದು ಅನ್ನಿಸುತ್ತದೆ.

ಆ ಥರದ ಪ್ರತಿ ವಿಡಿಯೋದ ಮೂರು ಚುಕ್ಕಿ ಒತ್ತಿ "ಆಸಕ್ತಿ ಇಲ್ಲ" ಅಂತ ಕೊಡಿ. ಒಂದು ಸಲ ಸಾಲದು, ಕೆಲವು ದಿನ ಬಿಡದೆ ಮಾಡಬೇಕು. ಹುಡುಕಾಟದ ಇತಿಹಾಸ ಅಳಿಸಿ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ, ಅಲಾರಾಂಗೆ ಒಂದು ಗಡಿಯಾರ ತಂದುಕೊಳ್ಳಿ.

ಎದೆ ಹಿಡಿಯುವುದು, ನಿದ್ದೆ ಬಾರದಿರುವುದು ಹೀಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾಚಿಕೆ ಬೇಡ. ನನ್ನ ತರಗತಿಯ ಮಕ್ಕಳಿಗೂ ಈ ನಂಬರ್ ಕೊಟ್ಟಿದ್ದೇನೆ.

ಪ್ರಶ್ನೆ (ಅರಸೀಕೆರೆ): ಮೇಡಂ, ನಿಮ್ಮ ಲೆಕ್ಕ ಓದಿ ಬೇಜಾರಾಯಿತು. ಆ ಪಟ್ಟಿಯಲ್ಲಿ ನಮ್ಮ ಚಿಕ್ಕಪ್ಪನ ಮಗನೂ ಇದ್ದ. ಇನ್ನೂ ನಲವತ್ತಾಗಿರಲಿಲ್ಲ, ಚಿಕ್ಕ ಮಕ್ಕಳಿದ್ದಾರೆ. ದಿನಕ್ಕೆ 29 ಜನ ಸಾಯುತ್ತಾರೆ ಬಿಡಿ ಅಂದರೆ ನಮ್ಮ ಮನೆಯ ಸಾವಿಗೆ ಬೆಲೆ ಇಲ್ವಾ? ಟಿವಿಯವರು ತೋರಿಸದಿದ್ದರೆ ಸರ್ಕಾರ ತಿರುಗಿ ನೋಡುತ್ತಿತ್ತಾ?

ಉತ್ತರ: ಅಣ್ಣ, ನಿಮ್ಮ ಮನೆಯವರಿಗೆ ನನ್ನ ಸಂತಾಪ. ನೀವು ಕೇಳಿದ್ದು ನ್ಯಾಯವಾಗಿದೆ. ತೋರಿಸಿದ್ದರಿಂದಲೇ ಸಮಿತಿಯ ತನಿಖೆ ನಡೆಯಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆರೋಗ್ಯ ಸಚಿವರು ಹೇಳಿದ್ದೂ ಆ ಒತ್ತಡದಿಂದಲೇ. ಮಾಧ್ಯಮ ಇದನ್ನು ಸುಮ್ಮನೆ ಬಿಡಬೇಕಿತ್ತು ಅಂತ ನಾನು ಎಂದೂ ಹೇಳುವುದಿಲ್ಲ. ನಲವತ್ತರೊಳಗಿನ ಒಂದು ಸಾವಾದರೂ ಅದರ ಕಾರಣ ಹುಡುಕಲೇಬೇಕು. ಪಾಶ್ಚಾತ್ಯ ದೇಶದವರಿಗಿಂತ ನಮ್ಮವರಿಗೆ ಸುಮಾರು ಹತ್ತು ವರ್ಷ ಮೊದಲೇ ಹೃದಯದ ಕಾಯಿಲೆ ಬರುತ್ತದೆ ಅಂತ ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅದು ಹಾಸನದ ಸುದ್ದಿ ಅಲ್ಲ, ಇಡೀ ದೇಶದ ಸುದ್ದಿ. ಯಾವತ್ತೂ ಮುಖಪುಟಕ್ಕೆ ಬಾರದ ಸುದ್ದಿ.

ನನ್ನ ತಕರಾರು ಇರುವುದು ಬೇರೆ ಕಡೆ. ನಿಮ್ಮ ಮನೆ ಬಾಗಿಲಿಗೆ ಕ್ಯಾಮೆರಾ ಬಂದಿರಬಹುದು. ಮಣ್ಣಾದ ದಿನವೇ ತೀರಿಕೊಂಡವರ ಹೆಂಡತಿಯ ಮುಖದ ಮುಂದೆ ಮೈಕ್ ಹಿಡಿದಿರಬಹುದು. ದುಃಖದಲ್ಲಿರುವವರನ್ನು ಹಾಗೆ ಕಾಡಬಾರದು ಅಂತ ನಾವು ಮೊದಲ ಸೆಮಿಸ್ಟರ್‌ನಲ್ಲೇ ಪಾಠ ಮಾಡುತ್ತೇವೆ. ಅದಾದ ಮೇಲೆ ಯಾರಾದರೂ ಬಂದರಾ? ತೀರಿಕೊಂಡವರಿಗೆ ಬಿಪಿ, ಸಕ್ಕರೆ ಇತ್ತಾ, ಹಿಂದಿನ ದಿನ ಎದೆ ಉರಿ ಅಂದಿದ್ದರಾ, ಊರಿನಿಂದ ಇಸಿಜಿ ಇರುವ ಆಸ್ಪತ್ರೆ ಎಷ್ಟು ದೂರ, 108 ಎಷ್ಟು ಹೊತ್ತಿಗೆ ಬಂತು? ಇದನ್ನೆಲ್ಲ ಕೇಳಿ ಬರೆದಿದ್ದರೆ ಇನ್ನೊಂದು ಮನೆ ಉಳಿಯಬಹುದಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತ ಆದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲೇ ಇದೆ, ಹೃದಯಜ್ಯೋತಿ ಅಂತ. ಆ ತಿಂಗಳಿಡೀ ಹಗಲು ರಾತ್ರಿ ಕಿರುಚಿದ ಪರದೆಗಳು ಈ ಒಂದು ಮಾತನ್ನು ಕೆಳಗಿನ ಪಟ್ಟಿಯಲ್ಲಿ ಓಡಿಸಬಹುದಿತ್ತು. ನೀವು ಇಷ್ಟಪಟ್ಟರೆ ನಿಮ್ಮ ತಮ್ಮನ ಬಗ್ಗೆ ನನ್ನ ವಿದ್ಯಾರ್ಥಿಗಳು ಹೀಗೆ ಬರೆಯುತ್ತಾರೆ. ಹೆಸರು ಬೇಡ ಅಂದರೆ ಹೆಸರಿಲ್ಲದೆ.

ಪ್ರಶ್ನೆ (ಸಕಲೇಶಪುರ): ಕೋವಿಡ್ ಲಸಿಕೆಯಿಂದಲೇ ಇದೆಲ್ಲ ಅಂತ ನಮ್ಮ ಎಸ್ಟೇಟ್ ಗುಂಪಿನಲ್ಲಿ ಇವತ್ತೂ ಬರುತ್ತಿದೆ. ಮುಖ್ಯಮಂತ್ರಿಗಳೇ ಅನುಮಾನ ಪಟ್ಟಿದ್ದರಲ್ಲ?

ಉತ್ತರ: 2025ರ ಜುಲೈ 1ರಂದು ಮುಖ್ಯಮಂತ್ರಿಗಳು ಅಂಥ ಅನುಮಾನ ಹೇಳಿದ್ದು ಹೌದು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧ ಇಲ್ಲ ಅಂದಿತು. ಐಸಿಎಂಆರ್ ಅಧ್ಯಯನ 2023ರಲ್ಲಿ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಬಗ್ಗೆ ನಡೆದದ್ದು. ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಾಗಿರಲಿಲ್ಲ. ಹೆಚ್ಚಿಸಿದ್ದು ಬೇರೆ: ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಕೋವಿಡ್ ಜೋರಾಗಿ ಆಸ್ಪತ್ರೆ ಸೇರಿದ್ದು, ಸಾವಿನ ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದದ್ದು ಅಥವಾ ದೇಹವನ್ನು ತೀರಾ ದಂಡಿಸಿದ್ದು, ಮಾದಕವಸ್ತು. ಗುಂಪಿನ ಹುಡುಗರಿಗೆ ಬೇಕಾದ ಸುದ್ದಿ ಇದು. ಹಾಕಿಬಿಡಿ.

ಪ್ರಶ್ನೆ (ಹಾಸನ, ಬ್ಯಾಂಕ್ ಉದ್ಯೋಗಿ): ಚಾನೆಲ್ ಮೇಲೆ ದೂರು ಕೊಡಲು ಆಗುತ್ತಾ?

ಉತ್ತರ: ಆಗುತ್ತದೆ. ಮೊದಲು ಆ ವಾಹಿನಿಗೇ ಬರೆಯಬೇಕು, ಪ್ರಸಾರವಾಗಿ ಏಳು ದಿನದೊಳಗೆ. ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಇರಲಿ. ಉತ್ತರ ಸಮಾಧಾನ ಆಗದಿದ್ದರೆ, ವಾಹಿನಿ ಸುದ್ದಿ ಪ್ರಸಾರಕರ ಸಂಘದ ಸದಸ್ಯ ಆಗಿದ್ದರೆ, ಆ ಸಂಘದ ಪ್ರಾಧಿಕಾರಕ್ಕೆ ಹೋಗಬಹುದು, ಎನ್‌ಬಿಡಿಎಸ್‌ಎ ಅಂತ. ಪತ್ರಿಕೆಗಳ ಮೇಲಾದರೆ ಭಾರತೀಯ ಪತ್ರಿಕಾ ಮಂಡಳಿ.

ಪ್ರಶ್ನೆ (ಬೇಲೂರು, ಪ್ರೌಢಶಾಲೆ ಶಿಕ್ಷಕರು): ಮೇಡಂ, ನಮ್ಮ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡುವುದು? ಭಾಷಣ ಮಾಡಿದರೆ ಕೇಳುವುದಿಲ್ಲ.

ಉತ್ತರ: ಸರ್, ನಿಮ್ಮ ಕಡೆ ಮಕ್ಕಳಿಗೆ ಒಂದು ಒಳ್ಳೆಯ ಪಾಠ ಫೋನಿನಲ್ಲೇ ಬರುತ್ತಿರುತ್ತದೆ. ಕಾಡಾನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಕಳಿಸುವ ಸಂದೇಶ. ಯಾವ ಊರು, ಯಾವ ತೋಟ, ಎಷ್ಟು ಆನೆ, ಯಾವ ಹೊತ್ತಿಗೆ ಕಂಡಿದ್ದು ಅಂತ ಅದರಲ್ಲಿ ಇರುತ್ತದೆ. ಎಷ್ಟೇ ಹೆದರಿಕೆಯ ವಿಷಯವಾದರೂ ಹೀಗೆ ನೇರವಾಗಿ ಹೇಳಬಹುದು. ಓದಿದವನು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾನೆ. ಅಂಥ ಒಂದು ಸಂದೇಶವನ್ನು ಬೋರ್ಡ್ ಮೇಲೆ ಬರೆಯಿರಿ. ಪಕ್ಕದಲ್ಲಿ ಗುಂಪಿನಲ್ಲಿ ಬಂದ ಯಾವುದಾದರೂ ಒಂದು ಫಾರ್ವರ್ಡ್ ಬರೆಯಿರಿ, "ಅತಿ ಹೆಚ್ಚು ಬಾರಿ ಫಾರ್ವರ್ಡ್ ಆಗಿದೆ" ಅಂತ ಇರುವಂಥದ್ದು. ಎಲ್ಲಿ, ಯಾವಾಗ, ಯಾರು ಹೇಳಿದ್ದು, ಓದಿದ ಮೇಲೆ ನಾನು ಏನು ಮಾಡಬೇಕು, ಇವು ಎರಡರಲ್ಲೂ ಇವೆಯಾ ಅಂತ ಮಕ್ಕಳೇ ಹುಡುಕಲಿ.

ಇದು ಆಟದ ವಿಷಯ ಅಲ್ಲ ಅಂತಲೂ ಅವರಿಗೆ ಗೊತ್ತಾಗಬೇಕು. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಜನ ಅಮಾಯಕರನ್ನು ಹೊಡೆದು ಕೊಂದರು. ಅದಾದ ಮೇಲೆಯೇ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ವಾಟ್ಸಾಪ್ ಮಿತಿ ಹಾಕಿದ್ದು. ಹತ್ತನೇ ತರಗತಿಯವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬಹುದು, ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಶನಿವಾರ ಬೆಳಗಿನ ತರಗತಿ ಕೊಟ್ಟರೆ ನನ್ನ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನೇ ಬರುತ್ತೇನೆ. ಅವತ್ತಿನ ಎರಡು ಮೂರು ದಿನಪತ್ರಿಕೆ ತರಿಸಿಟ್ಟಿರಿ, ಒಂದೇ ಸುದ್ದಿಯನ್ನು ಮೂರರಲ್ಲೂ ಓದಿಸೋಣ. ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿ ತಿಳಿಸಿ.