ಕ್ಸಾಬಿ ಅಲೊನ್ಸೊ: ದೊಡ್ಡ ಆಟಗಾರನಾ, ದೊಡ್ಡವರ ಪಕ್ಕ ನಿಂತವನಾ?

ಗೋಲಿ ಸೋಡಾ
ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ಸ್ಪೇನ್‌ನ ಫುಟ್‌ಬಾಲ್ ಆಟಗಾರ ಕ್ಸಾಬಿ ಅಲೊನ್ಸೊ ಆಟ ಬಿಟ್ಟಿದ್ದು 2017ರಲ್ಲಿ. ಆಗ ಅವನನ್ನು ಸ್ಪೇನ್‌ನವರೇ ಆದ ಕ್ಸಾವಿ, ಇನಿಯೆಸ್ಟಾ ಸಾಲಿನಲ್ಲಿ ಕೂರಿಸುವವರು ಕಡಿಮೆ. ಆಮೇಲೆ ಕೋಚ್ ಆಗಿ ಜರ್ಮನಿಯ ಲೆವರ್ಕುಸೆನ್ ಕ್ಲಬ್ಬಿಗೆ 2023-24ರ ಅಲ್ಲಿನ ಲೀಗ್ ಬುಂಡೆಸ್‌ಲಿಗಾವನ್ನು ಒಂದೂ ಸೋಲಿಲ್ಲದೆ ಗೆದ್ದುಕೊಟ್ಟ. ತಗೊಳ್ಳಿ, ಅಂದಿನಿಂದ ಅವನ ಹಳೆಯ ಆಟಕ್ಕೂ ಸುಣ್ಣಬಣ್ಣ ಶುರು. ನನ್ನ ಲೆಕ್ಕದಲ್ಲಿ ಅವನು ಒಳ್ಳೆಯ ಮಿಡ್‌ಫೀಲ್ಡರ್, ಅಷ್ಟೇ. ಹೋದಲ್ಲೆಲ್ಲ ದೊಡ್ಡವರು ಪಕ್ಕದಲ್ಲಿದ್ದರು. ಲಿವರ್‌ಪೂಲ್‌ನಲ್ಲಿ ಜೆರಾರ್ಡ್, ರಿಯಲ್ ಮ್ಯಾಡ್ರಿಡ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ, ಬಯರ್ನ್‌ನಲ್ಲಿ ಲಾಮ್. 2010ರ ವಿಶ್ವಕಪ್ಪನ್ನಂತೂ ಸ್ಪೇನ್ ಅವನಿಲ್ಲದೆಯೂ ಗೆಲ್ಲುತ್ತಿತ್ತು.

ಕೆಂಪಂಗಿ ತೀರ್ಥಹಳ್ಳಿ
ಮಾರಾಯ, ಎರಡು ಸಾಲು ಲೆಕ್ಕ ಕೊಡುತ್ತೇನೆ. 2008-09ರಲ್ಲಿ ಲಿವರ್‌ಪೂಲ್‌ಗೆ 86 ಅಂಕ, ಇಡೀ ಲೀಗ್‌ನಲ್ಲಿ ಎರಡೇ ಸೋಲು, ಎರಡನೇ ಸ್ಥಾನ. 2009ರ ಆಗಸ್ಟ್‌ನಲ್ಲಿ ಅಲೊನ್ಸೊ ಮ್ಯಾಡ್ರಿಡ್‌ಗೆ ಹೊರಟ. ಮುಂದಿನ ಸೀಸನ್‌ನಲ್ಲಿ 63 ಅಂಕ, ಏಳನೇ ಸ್ಥಾನ. ಜೆರಾರ್ಡ್ ಅಲ್ಲೇ ಇದ್ದ, ಮಶೆರಾನೊ ಅಲ್ಲೇ ಇದ್ದ, ಕೋಚ್ ಬೆನಿಟೆಜ್ ಕೂಡ ಅವರೇ. ನಿನ್ನ ದೊಡ್ಡವರೆಲ್ಲ ಇದ್ದರಲ್ಲ, ಏನಾಯ್ತು?

ಗೋಲಿ ಸೋಡಾ
ಗೋಲು ಹೊಡೆಯಬೇಕಾದ ಟೊರೆಸ್ ಮಂಡಿ ನೋವಿಂದ ತಿಂಗಳುಗಟ್ಟಲೆ ಮಲಗಿದ್ದ. ಅಲೊನ್ಸೊ ಜಾಗಕ್ಕೆ ತಂದ ಅಕ್ವಿಲಾನಿ ಬರುವಾಗಲೇ ಗಾಯ ಹೊತ್ತು ಬಂದ. ಕ್ಲಬ್ಬಿನ ಮಾಲೀಕರು ಸಾಲದಲ್ಲಿ ಮುಳುಗಿದ್ದರು. ಒಬ್ಬ ಹೋದದ್ದಕ್ಕೇ ಮನೆ ಬಿತ್ತು ಅನ್ನುವುದು ಸುಲಭದ ಮಾತು. ಗೆದ್ದಲು ಮೊದಲೇ ಹಿಡಿದಿತ್ತು.

ಸೀರೆ ಆ್ಯಂಡ್ ಶಿನ್‌ಗಾರ್ಡ್
ಅವನು ಯಾಕೆ ಹೋದ ಅನ್ನುವುದನ್ನು ಇಬ್ಬರೂ ಬಿಟ್ಟೇಬಿಟ್ಟಿರಿ. 2008ರ ಮಾರ್ಚ್, ಇಂಟರ್ ವಿರುದ್ಧ ಮಿಲಾನ್‌ನಲ್ಲಿ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್) ಪಂದ್ಯ. ಹೆಂಡತಿಗೆ ಮೊದಲ ಹೆರಿಗೆ. ಅಲೊನ್ಸೊ ತಂಡದ ಜೊತೆ ಹೋಗದೆ ಆಸ್ಪತ್ರೆಯಲ್ಲೇ ಉಳಿದ. ಬೆನಿಟೆಜ್‌ಗೆ ಅದು ಹಿಡಿಸಲಿಲ್ಲ. ಅದೇ ಬೇಸಿಗೆಯಲ್ಲಿ ಆಸ್ಟನ್ ವಿಲ್ಲಾದ ಮಿಡ್‌ಫೀಲ್ಡರ್ ಗ್ಯಾರೆತ್ ಬ್ಯಾರಿಯನ್ನು ಕೊಳ್ಳಲು ಇವನನ್ನೇ ಮಾರಲು ಹೊರಟರು. ಬ್ಯಾರಿ! ಮಾರಾಟ ಕೈಗೂಡಲಿಲ್ಲ. ಇವನು ಉಳಿದು, ಒಂದು ಮಾತೂ ಆಡದೆ, ಲಿವರ್‌ಪೂಲ್‌ನಲ್ಲಿ ತನ್ನ ಅತ್ಯುತ್ತಮ ಸೀಸನ್ ಆಡಿದ. ಕೆಂಪಂಗಿ ಹೇಳಿದ 86 ಅಂಕದ ಸೀಸನ್ ಅದೇ. ಆಮೇಲೆ ಚೀಲ ಕಟ್ಟಿದ. ನಮ್ಮ ಮನೆಯಲ್ಲಿ ಬಾಣಂತನದ ಹೊತ್ತಿಗೆ ಗಂಡಸರು ಯಾವ ಮ್ಯಾಚಿನಲ್ಲಿದ್ದರು ಅಂತ ನನಗೆ ಗೊತ್ತು. ಹಾಗಾಗಿ ಈ ವಿಷಯದಲ್ಲಿ ನಾನು ಪಕ್ಷಪಾತಿ ಅಂದುಕೊಂಡರೂ ಬೇಸರವಿಲ್ಲ.

ಕೆಂಪಂಗಿ ತೀರ್ಥಹಳ್ಳಿ
ಅಕ್ಕ, ಆ ಗಾಯದ ಮೇಲೆ ಉಪ್ಪು ಹಾಕಬೇಡಿ. ಲಿವರ್‌ಪೂಲ್ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಜನ ಅವನ ಹೆಸರು ಕೂಗಿ ‘ಹೋಗಬೇಡ’ ಅಂದಿದ್ದರು. ಇಸ್ತಾನ್‌ಬುಲ್ 2005, ಎಸಿ ಮಿಲಾನ್ ಮೇಲಿನ ಚಾಂಪಿಯನ್ಸ್ ಲೀಗ್ ಫೈನಲ್, ಮರೆಯಲು ಸಾಧ್ಯವಾ? ಆ ವರ್ಷದ ಜನವರಿ 1ಕ್ಕೆ ಚೆಲ್ಸಿ ಪಂದ್ಯದಲ್ಲಿ ಹರಡು ಮುರಿದಿತ್ತು. ಏಪ್ರಿಲ್‌ನಲ್ಲಿ ವಾಪಸ್ ಬಂದು ಯುವೆಂಟಸ್ ಊರಿನಲ್ಲಿ 0-0 ಹಿಡಿದುಕೊಟ್ಟ. ಫೈನಲ್‌ನಲ್ಲಿ 3-0 ಹಿಂದೆ ಇದ್ದು 3-2 ಆದ ಮೇಲೆ ಪೆನಾಲ್ಟಿ ಹೊಡೆಯಲು ನಿಂತವನು ಇವನೇ. ಮಿಲಾನ್ ಗೋಲ್‌ಕೀಪರ್ ಡಿಡಾ ತಡೆದ. ಚೆಂಡು ವಾಪಸ್ ಬಂತು, ಎಡಗಾಲಲ್ಲಿ ಮೇಲಕ್ಕೆ ಹೊಡೆದ. 3-3. ಕೊನೆಗೆ ಪೆನಾಲ್ಟಿಗಳಲ್ಲಿ ಕಪ್ ನಮ್ಮದು.

ಆಫ್‌ಸೈಡ್ ಅಜ್ಜ
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. 2006ರಲ್ಲಿ ಅವನು ಮೈದಾನದ ತನ್ನದೇ ಅರ್ಧದಿಂದ ಎರಡು ಗೋಲು ಹೊಡೆದ. ಜನವರಿಯಲ್ಲಿ ಲೂಟನ್ ಮೇಲೆ, ಸೆಪ್ಟೆಂಬರ್‌ನಲ್ಲಿ ನ್ಯೂಕ್ಯಾಸಲ್ ಮೇಲೆ. ಮೊದಲನೆಯದರ ಮೇಲೆ ಒಬ್ಬ ಅಭಿಮಾನಿ ಮೊದಲೇ 200 ಪೌಂಡ್ ಪಣ ಕಟ್ಟಿದ್ದನಂತೆ. ಸಿಕ್ಕಿದ್ದು 25,000 ಪೌಂಡ್. ಅವನಿಗೆ ಹೋಗಿ ಕೇಳಿ, ಅಲೊನ್ಸೊ ದೊಡ್ಡ ಆಟಗಾರನಾ ಅಂತ.

ಗೋಲಿ ಸೋಡಾ
ಹಹ್ಹ, ಅಜ್ಜನಿಗೆ ಒಂದು ಸೋಡಾ ನನ್ನ ಲೆಕ್ಕದಲ್ಲಿ. ಆದರೆ 2010ರ ಬಗ್ಗೆ ಎಲ್ಲರೂ ಜಾಣತನದಿಂದ ಜಾರಿಕೊಂಡಿರಿ. ಸ್ಪೇನ್‌ನ ಮೊದಲ ಪಂದ್ಯ, ಸ್ವಿಟ್ಜರ್ಲೆಂಡ್ ಮುಂದೆ 0-1 ಸೋಲು. ಡಿಫೆನ್ಸ್ ಮುಂದೆ ಬುಸ್ಕೆಟ್ಸ್ ಒಬ್ಬನೇ ಸಾಕು, ಪಕ್ಕದಲ್ಲಿ ಅಲೊನ್ಸೊ ಯಾಕೆ ಅಂತ ಸ್ಪೇನ್‌ನಲ್ಲೇ ಗಲಾಟೆ ಎದ್ದಿತ್ತು. ಹಾಗೆ ಇಬ್ಬರನ್ನು ನಿಲ್ಲಿಸಿದ್ದಕ್ಕೇ ಕ್ಸಾವಿ ಮುಂದೆ ಸಿಕ್ಕಿಹಾಕಿಕೊಂಡ. ಏಳು ಪಂದ್ಯಕ್ಕೆ ಎಂಟೇ ಗೋಲು. ಪರಾಗ್ವೆ ಮೇಲೆ ಪೆನಾಲ್ಟಿ ಸಿಕ್ಕರೆ, ಅಲೊನ್ಸೊ ಹೊಡೆದ ಮೊದಲನೆಯದನ್ನು ರೆಫ್ರಿ ಒಪ್ಪಲಿಲ್ಲ, ಎರಡನೆಯದನ್ನು ಗೋಲ್‌ಕೀಪರ್ ಬಿಡಲಿಲ್ಲ. ಫೈನಲ್‌ನಲ್ಲಿ 87ನೇ ನಿಮಿಷಕ್ಕೆ ಇವನನ್ನು ಹೊರಗೆ ಕರೆದು ಫ್ಯಾಬ್ರೆಗಾಸ್‌ನನ್ನು ಕಳಿಸಿದರು. 116ನೇ ನಿಮಿಷದಲ್ಲಿ ಇನಿಯೆಸ್ಟಾಗೆ ಪಾಸ್ ಕೊಟ್ಟವರು ಯಾರು? ಅದೇ ಫ್ಯಾಬ್ರೆಗಾಸ್.

ನಿದ್ದೆಗೆಟ್ಟವ
ಇದು ಗಟ್ಟಿ ವಾದ, ಒಪ್ಪುತ್ತೇನೆ. ಆ ಪಾಸ್‌ನ ವಿಷಯ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಇಡೀ ವಿಶ್ವಕಪ್‌ನಲ್ಲಿ ಸ್ಪೇನ್ ತಿಂದದ್ದು ಎರಡೇ ಗೋಲು. ನಾಕೌಟ್‌ನಲ್ಲಿ ಒಂದೂ ಇಲ್ಲ. ನಾಲ್ಕೂ ಪಂದ್ಯ 1-0. ಹಾಗೆ ಗೆಲ್ಲುವ ತಂಡಕ್ಕೆ ಒಂದು ತಪ್ಪು ಹೆಜ್ಜೆ ಸಾಕು, ಮನೆಗೆ ಟಿಕೆಟ್. ಕೋಚ್ ಡೆಲ್ ಬೊಸ್ಕೆ ಅದಕ್ಕೇ ಹಟ ಹಿಡಿದು ಇಬ್ಬರನ್ನೂ ಬಿಡಲಿಲ್ಲ.

ಬುಸ್ಕೆಟ್ಸ್ ಚೆಂಡನ್ನು ಹತ್ತಿರದವನಿಗೆ ಕೊಡುತ್ತಾನೆ. ಅಲೊನ್ಸೊ ನಲವತ್ತು ಗಜ ಆಚೆ ಗೆರೆ ಪಕ್ಕ ನಿಂತವನ ಕಾಲಿಗೇ ಇಳಿಸುತ್ತಾನೆ. ಎದುರಾಳಿ ಎಲ್ಲ ಒಂದೇ ಕಡೆ ಮುತ್ತಿಗೆ ಹಾಕಿದಾಗ ಈ ಎರಡನೆಯದು ಬೇಕು. ಇಬ್ಬರ ಕೆಲಸ ಬೇರೆ ಬೇರೆ. ಸ್ವಿಟ್ಜರ್ಲೆಂಡ್ ಪಂದ್ಯದಲ್ಲಿ ಅಡ್ಡಪಟ್ಟಿಗೆ ಬಡಿದ ಹೊಡೆತವೂ ಅಲೊನ್ಸೊದೇ. ಎರಡಿಂಚು ಕೆಳಗೆ ಹೋಗಿದ್ದರೆ ಆ ಗಲಾಟೆಯೇ ಇರುತ್ತಿರಲಿಲ್ಲ. ಇನ್ನು ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಡಿ ಯೊಂಗ್ ಬೂಟು ಎದೆಗೆ ನೆಟ್ಟದ್ದು ಮರೆತಿರಾ? ಅದಕ್ಕೆ ಹಳದಿ ಕಾರ್ಡ್ ಮಾತ್ರ. ಅದಾದ ಮೇಲೆ ಸುಮಾರು ಒಂದು ಗಂಟೆ ಆಡಿದ.

ಗೋಲಿ ಸೋಡಾ
ಒದೆ ತಿಂದವನೆಲ್ಲ ದೊಡ್ಡ ಆಟಗಾರ ಆಗಲ್ಲ ಗುರು.

ಕಂಠೀರವ ಗ್ಯಾಲರಿ
ಇಂಥ ಆಟಗಾರರನ್ನು ಟಿವಿಯಲ್ಲಿ ಅಳೆಯಲು ಆಗಲ್ಲ ಅನ್ನುವುದು ನನ್ನ ಅನುಭವ. ಬೆಂಗಳೂರು ಎಫ್‌ಸಿಗೆ 2017ರಲ್ಲಿ ಡಿಮಾಸ್ ಡೆಲ್ಗಾಡೊ ಬಂದ. ಅವನೂ ಸ್ಪೇನ್‌ನ ಮಿಡ್‌ಫೀಲ್ಡರ್. ಅಲೊನ್ಸೊ ಮಟ್ಟ ಅಂತ ಹೇಳುತ್ತಿಲ್ಲ, ಹೊಡೆಯಬೇಡಿ. ಟಿವಿಯಲ್ಲಿ ನೋಡಿದರೆ ‘ಈ ಮನುಷ್ಯ ಓಡೋದೇ ಇಲ್ಲವಲ್ಲ’ ಅನ್ನಿಸುತ್ತಿತ್ತು. ಸ್ಟೇಡಿಯಂನಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಚೆಂಡು ಬರುವ ಮೊದಲೇ ಎರಡು ಸಲ ಕತ್ತು ತಿರುಗಿಸಿ ಎಲ್ಲಾ ನೋಡಿಟ್ಟಿರುತ್ತಿದ್ದ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಗೋವಾ ಮೇಲೆ 117ನೇ ನಿಮಿಷದ ಗೋಲು ನೆನಪಿದೆಯಾ? ತಲೆ ರಾಹುಲ್ ಭೆಕೆಯದು, ಕಾರ್ನರ್ ಡಿಮಾಸ್‌ದು. ಪಟಾಕಿ ಹೊಡೆದಿದ್ದು ಭೆಕೆ ಹೆಸರಲ್ಲಿ.

ಸೀರೆ ಆ್ಯಂಡ್ ಶಿನ್‌ಗಾರ್ಡ್
ಸರಿಯಾಗಿ ಹೇಳಿದಿರಿ. ಗೋಲಿ ಸೋಡಾ ಅವರ ‘ದೊಡ್ಡವರ ಪಕ್ಕ ನಿಂತ’ ಮಾತಿಗೆ ರಿಯಲ್ ಸೊಸಿಯೆಡಾಡ್ ದಿನಗಳೇ ಉತ್ತರ. ಅಪ್ಪ ಪೆರಿಕೊ ಅಲೊನ್ಸೊ ಅದೇ ಕ್ಲಬ್ಬಿಗೆ ಆಡಿ 1981, 1982ರಲ್ಲಿ ಲೀಗ್ ಗೆದ್ದವರು. ಮಗ ಸ್ಯಾನ್ ಸೆಬಾಸ್ಟಿಯನ್ನಿನ ಮರಳಿನಲ್ಲಿ ಆರ್ಟೆಟಾ ಜೊತೆ ಆಡಿ ಬೆಳೆದ. ಎಯ್ಬಾರ್‌ಗೆ ಸಾಲವಾಗಿ ಹೋಗಿದ್ದವನನ್ನು ಕೋಚ್ ಟೊಷ್ಯಾಕ್ ವಾಪಸ್ ಕರೆಸಿ, ಹುಡುಗನ ಕೈಗೇ ಕ್ಯಾಪ್ಟನ್ ಪಟ್ಟಿ ಕಟ್ಟಿದರು. ಆಗ ತಂಡ ಪಟ್ಟಿಯ ತಳದಲ್ಲಿತ್ತು. 2002-03ರಲ್ಲಿ ಅದೇ ಕ್ಲಬ್ ಝಿಡಾನ್, ಬ್ರೆಜಿಲ್‌ನ ರೊನಾಲ್ಡೊ, ಫಿಗೊ ಇದ್ದ ಮ್ಯಾಡ್ರಿಡ್‌ಗಿಂತ ಎರಡೇ ಅಂಕ ಹಿಂದೆ ಮುಗಿಸಿತು. 78ಕ್ಕೆ 76. ಅಲ್ಲಿ ಯಾವ ಜೆರಾರ್ಡ್ ಇದ್ದ?

ಗೋಲಿ ಸೋಡಾ
ಆಯ್ತು ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕೊವಾಸೆವಿಚ್, ನಿಹತ್ ಮುಂದೆ ಗೋಲು ಹೊಡೆಯುತ್ತಿದ್ದರು ಅನ್ನಬಹುದು. ಆದರೆ ಅದು ನನಗೇ ಸಪ್ಪೆ ಅನಿಸುತ್ತಿದೆ. ‘ದೊಡ್ಡವರ ಪಕ್ಕ’ ಮಾತು ವಾಪಸ್. 2010ರ ಮಾತು ಮಾತ್ರ ವಾಪಸ್ ಇಲ್ಲ. ಜೊತೆಗೆ ಇನ್ನೊಂದು: ಅವನನ್ನು ಸಂಭಾವಿತ ಅಂತ ಪೂಜೆ ಮಾಡುವುದನ್ನು ನಿಲ್ಲಿಸಿ. 2010ರ ನವೆಂಬರ್‌ನಲ್ಲಿ ಅಯಾಕ್ಸ್ ಮೇಲೆ 4-0 ಮುಂದಿದ್ದಾಗ ಅವನೂ ರಾಮೋಸೂ ಬೇಕಂತಲೇ ಸಮಯ ಹಾಳು ಮಾಡಿ ಎರಡನೇ ಹಳದಿ ಕಾರ್ಡ್ ತಗೊಂಡರು. ನಿಷೇಧವನ್ನು ಮುಖ್ಯವಲ್ಲದ ಪಂದ್ಯದಲ್ಲಿ ಕಳೆಯುವ ಲೆಕ್ಕ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯೂಫಾ ದಂಡ ಹಾಕಿತು.

ಆಫ್‌ಸೈಡ್ ಅಜ್ಜ
ಕಾರ್ಡ್ ಅಂದಿರಲ್ಲ, ನನ್ನ ಮೆಚ್ಚಿನ ಕಥೆ ಅದೇ. 2011ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಗೆ ಅವನು ಹೇಳಿದ್ದನ್ನು ನೆನಪಿಸಿಕೊಳ್ಳಿ. ಲಿವರ್‌ಪೂಲ್‌ನ ಹುಡುಗರು ತಮ್ಮ ಬಲ ಏನು ಅಂತ ಕೇಳಿದರೆ ‘ಟ್ಯಾಕಲ್’ (ಎದುರಾಳಿಯ ಕಾಲಿಂದ ಚೆಂಡು ಕಸಿಯುವುದು) ಅನ್ನುತ್ತಿದ್ದರಂತೆ, ಇವನಿಗೆ ಅದು ತಲೆಗೇ ಹೋಗಲಿಲ್ಲ. ಅವನ ಮಟ್ಟಿಗೆ ಟ್ಯಾಕಲ್ ಅಂದರೆ ಬೇರೆ ದಾರಿ ಇಲ್ಲದಾಗ ಮಾಡುವುದು. ಆ ಮನುಷ್ಯ 2014ರಲ್ಲಿ ಏನು ಮಾಡಿದ ಗೊತ್ತಲ್ಲ? ಮ್ಯೂನಿಕ್‌ನಲ್ಲಿ ಬಯರ್ನ್ ಮೇಲೆ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಮ್ಯಾಡ್ರಿಡ್ ಆರಾಮಾಗಿ ಮುಂದಿದೆ, ಕೊನೆಗೆ 4-0 ಗೆದ್ದ ಪಂದ್ಯ. ಇವನು ಶ್ವೈನ್‌ಸ್ಟೈಗರ್ ಕಾಲಿಗೆ ಜಾರಿ ಟ್ಯಾಕಲ್ ಹಾಕಿದ. ಹಳದಿ ಕಾರ್ಡ್. ಹಳೆಯ ಕಾರ್ಡ್‌ಗಳ ಜೊತೆ ಇದೂ ಕೂಡಿ ಒಂದು ಪಂದ್ಯದ ನಿಷೇಧ ಬಿತ್ತು; ಹನ್ನೆರಡು ವರ್ಷದಿಂದ ಮ್ಯಾಡ್ರಿಡ್ ಕಾಯುತ್ತಿದ್ದ ಹತ್ತನೇ ಕಪ್ಪಿನ ಫೈನಲ್‌ಗೆ ಇವನೇ ಇಲ್ಲ.

ಕೆಂಪಂಗಿ ತೀರ್ಥಹಳ್ಳಿ
ಲಿಸ್ಬನ್‌ನಲ್ಲಿ ಸೂಟ್ ಹಾಕಿಕೊಂಡು ಗ್ಯಾಲರಿಯಲ್ಲಿ ಕೂತಿದ್ದ. ಬೇಲ್ 2-1 ಮಾಡಿದ ತಕ್ಷಣ ಎಲ್ಲಾ ಮರೆತು ಮೈದಾನದ ಕಡೆ ಓಡಿ ಬಂದ. ಆ ಓಟಕ್ಕೂ ಯೂಫಾ ಒಂದು ಪಂದ್ಯದ ನಿಷೇಧ ಹಾಕಿತು.

ಗೋಲಿ ಸೋಡಾ
ಓಡಲ್ಲ ಅಂದವರು ಯಾರು!